ಪಂಚವಟಿಯನ್ನು ಅನಿಮೇಶನ್ ಮಾಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರು, ಘಟ್ಟದ ಕೆಳಗಿನ ಕುಮಟಾ, ಹೊನ್ನಾವರ, ಕಾರವಾರದವರು ಮಾತಿನಲ್ಲಿ, ಪತ್ರದಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಶಾಲೆಯ ಮಾಸ್ತರರು, ಚಿತ್ರ ಬಿಡಿಸುವ ಹುಡುಗರು, ಹವ್ಯಾಸಿ ಭಾಗವತರು (ಯಕ್ಷಗಾನದ ಪದ್ಯ ಹಾಡುವವರು) ಎಲ್ಲ ಇದ್ದಾರೆ. ಉತ್ತರಗಳಿಗೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಪಂಚವಟಿ ಪ್ರಸಂಗದಿಂದ ಹತ್ತು ನಿಮಿಷದ ಚಿತ್ರ.

## ಶುರುಮಾಡುವ ಮೊದಲು

ಇಡೀ ರಾಮಾಯಣವನ್ನೇ ಮಾಡಬೇಕು ಅಂತ ಆಸೆ. ಎಷ್ಟು ದಿನ ಹಿಡಿಯಬಹುದು?

ಜಪಾನಿನ ಯುಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ ಮಾಡಿದ ರಾಮಾಯಣದ ಅನಿಮೇಶನ್ ಚಿತ್ರ 1993ರಲ್ಲಿ ದಿಲ್ಲಿಯ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದರ ಉದ್ದ ಎರಡೂಕಾಲು ಗಂಟೆ. ಸೆಕೆಂಡಿಗೆ 24 ಫ್ರೇಮಿನಂತೆ ಲೆಕ್ಕ ಹಾಕಿದರೆ 1,94,400 ಫ್ರೇಮು. ಎರಡೆರಡು ಫ್ರೇಮಿಗೆ ಒಂದು ಚಿತ್ರ ಅಂದರೂ ಲಕ್ಷದ ಹತ್ತಿರ ಆಯಿತು. ಆ ಚಿತ್ರಕ್ಕೆ ಕೈಯಲ್ಲಿ ಬರೆದ ಹಾಳೆಗಳು ಸುಮಾರು ಒಂದು ಲಕ್ಷ, ದುಡಿದ ಕಲಾವಿದರು ಸುಮಾರು 450 ಜನ.

ಈಗ ನಿಮ್ಮ ಲೆಕ್ಕ. ಹತ್ತು ನಿಮಿಷ ಅಂದರೆ 14,400 ಫ್ರೇಮು, 7,200 ಚಿತ್ರ. ಒಬ್ಬರೇ ಕೂತು ದಿನಕ್ಕೆ 20 ಬಿಡಿಸಿದರೆ ಒಂದು ವರ್ಷ ಪೂರ್ತಿ ಬೇಕು, ಹಬ್ಬ-ತಿಥಿಗೂ ರಜೆಯಿಲ್ಲ. ಅದೇ ಕತ್ತರಿಸಿದ ಕಾಗದದ ಗೊಂಬೆಯನ್ನು ಚೂರು ಚೂರೇ ಕದಲಿಸಿ ಫೋಟೋ ತೆಗೆಯುವುದಾದರೆ ಹೊಸಬರಿಬ್ಬರು ದಿನಕ್ಕೆ 5ರಿಂದ 8 ಸೆಕೆಂಡು ತೆಗೆಯಬಹುದು. ಹತ್ತು ನಿಮಿಷಕ್ಕೆ ಸುಮಾರು ನೂರು ದಿನದ ಕೆಲಸ. ಇಡೀ ರಾಮಾಯಣದ ಆಸೆ ಹಾಗೇ ಇರಲಿ, ಮೊದಲು ಒಂದು ಪ್ರಸಂಗ ಮುಗಿಸಿ.

ಯಾವ ಪ್ರಸಂಗ ತಗೊಂಡರೆ ಸುಲಭ?

ಪಂಚವಟಿ. ರಾಮ, ಸೀತೆ, ಲಕ್ಷ್ಮಣ, ಮಾಯಾ ಶೂರ್ಪನಖಿ, ಘೋರ ಶೂರ್ಪನಖಿ: ಐದು ವೇಷ, ಒಂದೇ ಜಾಗ. ರೂಪ ಬದಲಾಗುವುದೇ ಕಥೆಯ ತಿರುಳು. ರಂಗಸ್ಥಳದಲ್ಲಿ ಇದಕ್ಕೆ ಇಬ್ಬರು ವೇಷಧಾರಿಗಳು ಬೇಕು, ಅನಿಮೇಶನ್ನಿನಲ್ಲಿ ಕಣ್ಣೆದುರೇ ಆಗುತ್ತದೆ.

ಕರ್ಣಪರ್ವ ಕೇಳುವವರು ಬಹಳ. ಅದರ ರುಚಿ ಇರುವುದು ಅರ್ಥಗಾರಿಕೆಯಲ್ಲಿ, ಅಂದರೆ ವೇಷಧಾರಿಗಳ ಮಾತಿನಲ್ಲಿ. ಎರಡು ಗೊಂಬೆ ಎದುರುಬದುರು ನಿಂತು ಆರು ನಿಮಿಷ ಮಾತಾಡಿದರೆ ನೋಡುವವರು ಎದ್ದು ಹೋಗುತ್ತಾರೆ. ವಾಲಿವಧೆ ಎರಡನೇ ಚಿತ್ರಕ್ಕೆ ಒಳ್ಳೆಯದು. ಅಣ್ಣ-ತಮ್ಮ ಒಂದೇ ರೂಪದವರಾದ್ದರಿಂದ ಒಂದು ಗೊಂಬೆಯ ತುಂಡುಗಳಲ್ಲೇ ಇಬ್ಬರನ್ನೂ ಮಾಡಬಹುದು.

ಯಂಗೆ ಚಿತ್ರ ಬಿಡಸಲೇ ಬತ್ತಿಲ್ಲೆ. ಆನು ಎಂತ ಮಾಡ್ಲಕ್ಕು?

ಬೇಕಾದಷ್ಟಿದೆ. ಐದು ವೇಷ, ನಾಲ್ಕು ಹಿನ್ನೆಲೆಯನ್ನು ಚಿತ್ರ ಬರುವವರು ಒಮ್ಮೆ ಬಿಡಿಸಿಕೊಟ್ಟರೆ ಮುಂದಿನದೆಲ್ಲ ಕತ್ತರಿಸುವುದು, ಜೋಡಿಸುವುದು, ಕದಲಿಸುವುದು, ಲೆಕ್ಕ ಬರೆಯುವುದು. ತಾಳ ಗೊತ್ತಿರುವವರು ಇದನ್ನು ಚಿತ್ರ ಗೊತ್ತಿರುವವರಿಗಿಂತ ಬೇಗ ಕಲಿಯುತ್ತಾರೆ.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾ?

ಬೇಡ. ಬಿಡಿಸಲು ಕ್ರಿತಾ, ಗೊಂಬೆಯಾಟದ ಕ್ರಮಕ್ಕೆ ಓಪನ್‌ಟೂನ್ಜ್ ಅಥವಾ ಬ್ಲೆಂಡರ್, ಧ್ವನಿಗೆ ಆಡಾಸಿಟಿ. ಎಲ್ಲವೂ ಉಚಿತ. ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ, 8ರಲ್ಲೂ ನಡೆಯುತ್ತದೆ. ಹಣವಿದ್ದರೆ ಯುಪಿಎಸ್‌ಗೆ ಹಾಕಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಹೇಳಿ ಕೇಳಿ ಅಲ್ಲವಲ್ಲ.

ಎಐಗೆ ಹೇಳಿದರೆ ಎಲ್ಲ ಅದೇ ಮಾಡಿಕೊಡ್ತದಂತೆ, ಹೌದೋ?

ಒಂದು ಚಿತ್ರ ಚೆನ್ನಾಗಿಯೇ ಬರುತ್ತದೆ, ತೊಂದರೆ ಎರಡನೆಯದರಿಂದ. ಮೊದಲ ಶಾಟಿನ ಭುಜಕೀರ್ತಿ ಎರಡನೆಯದರಲ್ಲಿ ಬೇರೆ ಆಕಾರ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಬಡಗಿನ ವೇಷ ಕೇಳಿದರೆ ತೆಂಕಿನದೂ (ದಕ್ಷಿಣದ ಶೈಲಿಯದೂ) ಕಥಕಳಿಯದೂ ಬೆರೆತು ಬರುವುದುಂಟು. ನಮ್ಮ ಕಡೆ ಆಟ ನೋಡಿ ಬೆಳೆದವರಿಗೆ ಇದು ಮೊದಲ ಕ್ಷಣಕ್ಕೇ ತಿಳಿಯುತ್ತದೆ. ದೂರದ ಕಾಡು, ಮೋಡದಂಥ ಹಿನ್ನೆಲೆಗೆ ಬಳಸಿಕೊಳ್ಳಬಹುದು.

## ಕಥೆ ಮತ್ತು ಹಕ್ಕು

ವಾಲ್ಮೀಕಿಯಲ್ಲಿ ಹೀಗಿಲ್ಲ ಅಂತ ಯಾರಾದರೂ ತಕರಾರು ತೆಗೆದರೆ?

ತೆಗೆದೇ ತೆಗೆಯುತ್ತಾರೆ, ಅವರು ಹೇಳುವುದೂ ಸರಿಯೇ. ವಾಲ್ಮೀಕಿಯ ಅರಣ್ಯಕಾಂಡದ ಶೂರ್ಪನಖಿ ಸುಂದರಿಯ ವೇಷ ತೊಟ್ಟು ಬರುವುದಿಲ್ಲ. ರಾಮನ ಚೆಲುವು, ಅವಳ ವಿಕಾರ ಎರಡನ್ನೂ ಕವಿ ಎದುರುಬದುರು ಇಟ್ಟು ವರ್ಣಿಸುತ್ತಾನೆ. ಮಾಯಾ ಶೂರ್ಪನಖಿ ಆಮೇಲಿನ ಪರಂಪರೆಯವಳು, ಯಕ್ಷಗಾನ ಅವಳನ್ನು ಒಪ್ಪಿಕೊಂಡು ಬೆಳೆಸಿದೆ. ಲಕ್ಷ್ಮಣರೇಖೆಯ ಮಾತೂ ಇಷ್ಟೇ, ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಅದಿಲ್ಲ.

ಪರಿಹಾರ ಸರಳ. ಮೊದಲ ಪರದೆಯಲ್ಲೇ 'ಪಾರ್ತಿಸುಬ್ಬನ ಹೆಸರಿನಲ್ಲಿ ಬಳಕೆಯಲ್ಲಿರುವ ಪಂಚವಟಿ ಪ್ರಸಂಗವನ್ನು ಆಧರಿಸಿದೆ' ಎಂದು ಬರೆಯಿರಿ. ಒಂದೇ ಚಿತ್ರದಲ್ಲಿ ಅರ್ಧ ವಾಲ್ಮೀಕಿ, ಕಾಲು ತೊರವೆ ರಾಮಾಯಣ, ಉಳಿದದ್ದು ಟಿವಿ ಧಾರಾವಾಹಿ ಬೆರೆಸಬೇಡಿ. ತಕರಾರು ನಿಜವಾಗಿ ಹುಟ್ಟುವುದು ಅಲ್ಲಿ.

ಗೋಕರ್ಣದ ಆತ್ಮಲಿಂಗದ ಕಥೆಯನ್ನೂ ಸೇರಿಸಬಹುದಲ್ಲ? ರಾವಣ ನಮ್ಮೂರಿಗೆ ಬಂದವನೇ.

ಬಂದವನೇ. ವಾಲ್ಮೀಕಿಯ ಉತ್ತರಕಾಂಡದಲ್ಲಿ ರಾವಣ ತಮ್ಮಂದಿರ ಸಂಗಡ ತಪಸ್ಸಿಗೆ ಗೋಕರ್ಣಕ್ಕೆ ಬರುತ್ತಾನೆ. ಆದರೆ ಗಣಪತಿ ಲಿಂಗವನ್ನು ನೆಲಕ್ಕಿಟ್ಟದ್ದು, ಚೂರುಗಳು ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಹತ್ತಿರದ ಸೆಜ್ಜೇಶ್ವರಗಳಿಗೆ ಹೋಗಿ ಬಿದ್ದದ್ದು ಕ್ಷೇತ್ರಮಾಹಾತ್ಮ್ಯದ ಕಥೆ. ಪಂಚವಟಿಯ ಹತ್ತು ನಿಮಿಷದಲ್ಲಿ ಅದಕ್ಕೆ ಜಾಗವಿಲ್ಲ. ಬೇರೆ ಚಿತ್ರವಾಗಿ ಮಾಡಿ, ಐದು ಕ್ಷೇತ್ರದ ನಕ್ಷೆಯೇ ಅದರ ಚಿತ್ರಕಥೆ.

ಹಳೇ ಕ್ಯಾಸೆಟ್ಟಿನ ಪದ್ಯ ಹಾಕಿಕೊಂಡರೆ ಯಾರು ಕೇಳ್ತಾರೆ?

ಯೂಟ್ಯೂಬಿನ ಯಂತ್ರವೇ ಕೇಳುತ್ತದೆ. ಪ್ರಸಂಗದ ಪದ್ಯ ಹಳೆಯದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಡಿದ ಧ್ವನಿಮುದ್ರಣ ಬೇರೆ ಸ್ವತ್ತು, ಪ್ರಕಟವಾದ ಮೇಲೆ 60 ವರ್ಷ ಅದಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಹೊಸ ಕಾಲದ ಕವಿಗಳ ಪ್ರಸಂಗವಾದರೆ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ. ಕುವೆಂಪು 1994ರಲ್ಲಿ ತೀರಿಕೊಂಡರು, ಅವರ 'ಶ್ರೀ ರಾಮಾಯಣ ದರ್ಶನಂ' ಸಾಲುಗಳನ್ನು ಬಳಸಲು 2054ರ ಕೊನೆಯವರೆಗೂ ಅನುಮತಿ ಬೇಕು.

ನೀವೇ ಹಾಡಿಸಿದರೂ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಸಿ. ಯಾವ ಪದ್ಯಗಳು, ಎಲ್ಲೆಲ್ಲಿ ಬಳಕೆ, ಸಂಭಾವನೆ ಎಷ್ಟು, ಹೆಸರು ಹೇಗೆ ಹಾಕುವುದು, ಇಷ್ಟು ಸಾಕು. ಭಾಗವತರಿಗೆ ಮಾತ್ರ ಬರೆದುಕೊಟ್ಟು ಮದ್ದಲೆ-ಚಂಡೆಯವರನ್ನು ಬಿಡುವ ರೂಢಿಯಿದೆ. ಅದು ತಪ್ಪು.

## ಹಿಮ್ಮೇಳ

ಮೊದಲು ಚಿತ್ರವೋ, ಮೊದಲು ಪದ್ಯವೋ?

ಪದ್ಯ. ಇದರಲ್ಲಿ ಎರಡು ಮಾತಿಲ್ಲ. ಚಿತ್ರ ಮೊದಲು ಮಾಡಿ ಆಮೇಲೆ ಭಾಗವತರನ್ನು ಕೂರಿಸಿ 'ಇದಕ್ಕೆ ಸರಿಯಾಗಿ ಹೇಳಿ' ಅಂದರೆ ಅವರ ಕಾಲಪ್ರಮಾಣ ಹಾಳಾಗುತ್ತದೆ, ಚಂಡೆಯ ಪೆಟ್ಟು ಹೆಜ್ಜೆಗೆ ಕೂರುವುದಿಲ್ಲ. ಹತ್ತು ನಿಮಿಷಕ್ಕೆ ಐದಾರು ಪದ್ಯ ಸಾಕು. ಹಿಮ್ಮೇಳ (ಹಾಡು, ವಾದ್ಯ), ಅರ್ಥ ಎಲ್ಲ ಮುಗಿಸಿ ಧ್ವನಿಯ ಉದ್ದ ಖಾಯಂ ಆದ ಮೇಲೇ ಮೊದಲ ಗೊಂಬೆ ಕದಲಬೇಕು.

ರೆಕಾರ್ಡಿಂಗ್ ಯಾವಾಗ ಇಟ್ಟುಕೊಳ್ಳೋದು?

ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನಿಂದ ಮೇವರೆಗೆ, ಆಗ ಒಳ್ಳೆಯ ಕಲಾವಿದರು ಸಿಗುವುದಿಲ್ಲ. ಮಳೆಗಾಲದಲ್ಲಿ ಸಿಗುತ್ತಾರೆ, ಆದರೆ ಹಂಚಿನ ಮೇಲೆ, ತಗಡಿನ ಮೇಲೆ ಬೀಳುವ ಮಳೆ ಎಲ್ಲವನ್ನೂ ನುಂಗುತ್ತದೆ. ಥಂಡಿಗೆ ಚಂಡೆ-ಮದ್ದಲೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಲೂ ಇರುತ್ತದೆ. ಹಾಗಾಗಿ ಮಳೆ ಬಿಟ್ಟು ತಿರುಗಾಟ ಶುರುವಾಗುವ ನಡುವಿನ ಅಕ್ಟೋಬರ್ ಸರಿಯಾದ ಹೊತ್ತು. ಸಿಮೆಂಟಿನ ಸಭಾಭವನ ಬೇಡ, ಪ್ರತಿಧ್ವನಿ ಜಾಸ್ತಿ. ಹಾಸಿಗೆ, ಕಂಬಳಿ, ಬಟ್ಟೆಯ ಗಂಟು ತುಂಬಿದ ಮನೆಯ ಕೋಣೆ ಅದಕ್ಕಿಂತ ಮೇಲು.

ಚಂಡೆ ಬಂದ ಕೂಡಲೇ ಎಲ್ಲ ಒಡೆದ ಹಾಗೆ ಕೇಳ್ತದೆ, ಯಾಕೆ?

ಎರಡು ಕಾರಣ. ಮೊಬೈಲಿನಲ್ಲಿ ಮುದ್ರಿಸಿದರೆ ಅದು ತಾನಾಗಿ ಧ್ವನಿಮಟ್ಟ ಏರಿಳಿಸುತ್ತದೆ. ಚಂಡೆ ಬಿದ್ದಾಗ ಭಾಗವತರ ಸ್ವರ ಕುಗ್ಗಿ, ಚಂಡೆ ನಿಂತಾಗ ಮತ್ತೆ ಉಬ್ಬುತ್ತದೆ. ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ. ಇನ್ನೊಂದು, ರೆಕಾರ್ಡರಿನ ಮಟ್ಟವನ್ನು ಹಾಡಿಗೆ ತಕ್ಕಂತೆ ಇಟ್ಟಿರುತ್ತಾರೆ, ಚಂಡೆ ಅದನ್ನು ದಾಟಿ ಹೋಗುತ್ತದೆ.

ಶ್ರುತಿ, ತಾಳ, ಮದ್ದಲೆ ಸಹಿತ ಭಾಗವತಿಕೆಯನ್ನು ಮೊದಲು ಮುದ್ರಿಸಿ. ಆಮೇಲೆ ಚಂಡೆಯವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತ ಬಾರಿಸಲಿ. ಚಂಡೆಗೆ ಮೈಕು ನಾಲ್ಕೈದು ಅಡಿ ದೂರ, ಅತಿ ಜೋರಿನ ಪೆಟ್ಟೂ ಮೈನಸ್ 6 ಡೆಸಿಬೆಲ್ ದಾಟಬಾರದು. ಹಾಡಿಗೆ ಮೈನಸ್ 12ರ ಸುತ್ತ ಇರಲಿ. 48 ಕಿಲೋಹರ್ಟ್ಸ್, 24 ಬಿಟ್. ಭಾಗವತರ ಮುಖ ಕಾಣದೆ ಬಾರಿಸಲಿಕ್ಕೆ ಆಗುವುದಿಲ್ಲ ಎಂದು ಚಂಡೆಯವರು ಹೇಳಿದರೆ ಅದೂ ನ್ಯಾಯವೇ. ಆಗ ಪಕ್ಕದ ಕೋಣೆಯಲ್ಲಿ, ಗಾಜಿನ ಕಿಟಕಿಯ ಆಚೆ ಕೂರಿಸಿ.

ತಾಳಕ್ಕೆ ಹೆಜ್ಜೆ ಕೂರಿಸೋದು ಹೇಗೆ? ಎಷ್ಟು ಮಾಡಿದರೂ ಜಾರ್ತದೆ.

ಇದೇ ಕೆಲಸದ ಜೀವ. ಅಂದಾಜಿನಲ್ಲಿ ಆಗುವುದಲ್ಲ, ಬರೆದು ಲೆಕ್ಕ ಹಾಕಬೇಕು.

ಏಕತಾಳಕ್ಕೆ 4 ಅಕ್ಷರ (ತಾಳದ ಎಣಿಕೆ), ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ಒಂದು ಅಕ್ಷರಕ್ಕೆ ಅರ್ಧ ಸೆಕೆಂಡು ಎಂದಿಟ್ಟುಕೊಳ್ಳಿ, ಅಂದರೆ 12 ಫ್ರೇಮು. ತ್ರಿವುಡೆಯ ಒಂದು ಆವರ್ತ (ತಾಳದ ಒಂದು ಸುತ್ತು) 84 ಫ್ರೇಮು, ಮೂರೂವರೆ ಸೆಕೆಂಡು, 42 ಚಿತ್ರ. ಇಷ್ಟು ಗೊತ್ತಾದ ಕೂಡಲೇ ಹೊಸಬರು ಏನು ಮಾಡುತ್ತಾರೆ ಅಂದರೆ, ಒಂದು ಆವರ್ತದ ಕುಣಿತ ಮಾಡಿ ಅದನ್ನೇ ಎಂಟು ಸಲ ಅಂಟಿಸುತ್ತಾರೆ. ಭಾಗವತರು ಗಡಿಯಾರವಲ್ಲ. ಅಕ್ಷರ 12 ಫ್ರೇಮಿನಿಂದ 11ಕ್ಕೆ, ಪದ್ಯ ಮುಗಿಯುವ ಹೊತ್ತಿಗೆ 9ಕ್ಕೆ ಬಂದಿರುತ್ತದೆ. ಅಕ್ಷರಕ್ಕೆ ಒಂದು ಫ್ರೇಮು ತಪ್ಪಿದರೆ ತ್ರಿವುಡೆಯ ಒಂದೇ ಆವರ್ತದಲ್ಲಿ 7 ಫ್ರೇಮು ಹಿಂದೆ ಬಿದ್ದಿರಿ. ಅಷ್ಟು ಸಾಕು, ಗೊಂಬೆ ಬೇರೆ ಯಾವುದೋ ಹಾಡಿಗೆ ಕುಣಿದಂತೆ ಕಾಣಲು.

ಆದ್ದರಿಂದ ಧ್ವನಿಯ ಅಲೆಯನ್ನು ಪರದೆ ಮೇಲೆ ಹಿಗ್ಗಿಸಿ, ಪ್ರತಿಯೊಂದು ತಾಳದ ಪೆಟ್ಟಿಗೂ ಗುರುತು ಹಾಕಿ. ಆ ಫ್ರೇಮಿನ ಸಂಖ್ಯೆಯನ್ನು ಉದ್ದ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಪಕ್ಕದ ಕಂಬಸಾಲುಗಳಲ್ಲಿ ಬಾಯಿತಾಳ, ಪದ್ಯದ ಅಕ್ಷರ, ಎಡಗಾಲು-ಬಲಗಾಲು, ಕೈ, ಕಣ್ಣು. ಪಾದ ನೆಲಕ್ಕೆ ತಾಗುವ ಚಿತ್ರ ಪೆಟ್ಟಿಗಿಂತ ಒಂದೆರಡು ಫ್ರೇಮು ಮೊದಲೇ ಬರಲಿ, ಸರಿಯಾಗಿ ಕೂತಂತೆ ಕಾಣುವುದು ಆಗಲೇ. ತಡವಾದರೆ ಮಾತ್ರ ಕಣ್ಣು ಕ್ಷಮಿಸುವುದಿಲ್ಲ. ಪೆಟ್ಟು ಬೆಸ ಸಂಖ್ಯೆಯ ಫ್ರೇಮಿಗೆ ಬಿದ್ದಾಗ ಎರಡೆರಡರ ಲೆಕ್ಕ ಹೊಂದುವುದಿಲ್ಲ, ಅಲ್ಲೊಂದು ಚಿತ್ರವನ್ನು ಒಂದೇ ಫ್ರೇಮು ಇಟ್ಟು ಸರಿಪಡಿಸಿ.

ಮುಕ್ತಾಯಕ್ಕೆ ಎಲ್ಲ ನಿಲ್ಲಬೇಕು. ನಿಂತ ಮೇಲೂ ಕಿರೀಟದ ತುದಿ, ಭುಜಕೀರ್ತಿ, ಸೆರಗು ಇನ್ನೊಂದು 6ರಿಂದ 8 ಫ್ರೇಮು ಅಲುಗಿದರೆ ವೇಷಕ್ಕೆ ಭಾರ ಬರುತ್ತದೆ.

ಅರ್ಥ ಹೇಳುವಾಗ ಬಾಯಿ ಹೇಗೆ ಆಡಿಸೋದು?

ಆರು ಬಾಯಿ ಸಾಕು: ಮುಚ್ಚಿದ್ದು (ಪ, ಬ, ಮ), ಪೂರ್ತಿ ತೆರೆದದ್ದು (ಆ), ಅಗಲವಾದದ್ದು (ಇ, ಎ), ದುಂಡಗಿನದು (ಉ, ಒ), ತುಟಿಗೆ ಹಲ್ಲು ತಾಗಿದ್ದು (ವ), ಅರೆತೆರೆದದ್ದು (ಉಳಿದವಕ್ಕೆ). ಮುಚ್ಚಿದ ಬಾಯಿ ತಪ್ಪಬಾರದು, ಬೇರೆ ಎಲ್ಲ ಸ್ವಲ್ಪ ಹೆಚ್ಚುಕಮ್ಮಿ ಆದರೂ ಯಾರಿಗೂ ತಿಳಿಯುವುದಿಲ್ಲ. ಪದ್ಯ ಹೇಳುವುದು ಭಾಗವತರು, ವೇಷ ಅಲ್ಲ. ಪದ್ಯಕ್ಕೆ ಗೊಂಬೆಯ ಬಾಯಿ ಆಡಿಸಿ ನಗೆಪಾಟಲಾದವರಿದ್ದಾರೆ.

## ವೇಷ, ಗೊಂಬೆ, ಕ್ಯಾಮೆರಾ

ವೇಷದ ಎಲ್ಲ ವಿವರ ಹಾಕಿದರೆ ಬಿಡಿಸಿ ಮುಗಿಯೋದಿಲ್ಲ. ಯಾವುದು ಬಿಡಲಿ?

ಮೊದಲು ವೇಷವನ್ನು ಪೂರ್ತಿ ಕಪ್ಪು ಬಣ್ಣ ತುಂಬಿ ನೆರಳಿನ ಹಾಗೆ ನೋಡಿ. ಆ ಕಪ್ಪಿನಲ್ಲೇ ರಾಮ ಯಾರು, ಲಕ್ಷ್ಮಣ ಯಾರು ಎಂದು ತಿಳಿಯಬೇಕು. ಅದನ್ನು ಹೇಳುವುದು ತಲೆಗಟ್ಟು. ಕಿರೀಟವೋ ಮುಂಡಾಸೋ ಕೇದಗೆಮುಂದಲೆಯೋ ಎಂಬುದನ್ನು ವೇಷಧಾರಿಗಳನ್ನೇ ಕೇಳಿ ತೀರ್ಮಾನಿಸಿ, ಫೋಟೋ ನೋಡಿ ಅಲ್ಲ. ತಲೆಗಟ್ಟು, ಭುಜಕೀರ್ತಿ, ಎದೆಕಟ್ಟು, ಕಸೆ, ಗೆಜ್ಜೆ ಇರಬೇಕು. ಮಣಿ, ಕನ್ನಡಿಚೂರು, ಜರಿ ಬಿಡಿ, ಹತ್ತಿರದ ಶಾಟಿಗೆ ಮಾತ್ರ ಬೇರೆ ಚಿತ್ರ ಮಾಡಿಕೊಳ್ಳಿ.

ಕಸೆ ಸೀರೆಯ ಚೌಕುಳಿ ಕೈಯಲ್ಲಿ ಬಿಡಿಸುವವರಿಗೆ ದೊಡ್ಡ ಉಪದ್ರ. ಪ್ರತಿ ಚಿತ್ರದಲ್ಲಿ ಗೆರೆ ಕೂದಲೆಳೆ ಸರಿದರೂ ಬಟ್ಟೆಯ ಮೇಲೆ ಇರುವೆ ಹರಿದ ಹಾಗೆ ಕಾಣುತ್ತದೆ. ಕತ್ತರಿಸಿದ ಗೊಂಬೆಯಲ್ಲಿ ಈ ತೊಂದರೆಯೇ ಇಲ್ಲ.

ಕಾಗದದ ಗೊಂಬೆ ಮಾಡುವ ಕ್ರಮ ಹೇಳಿ.

250 ಜಿಎಸ್ಎಂ ದಪ್ಪದ ಕಾಗದ, 25 ಸೆಂಟಿಮೀಟರ್ ಎತ್ತರದ ವೇಷ. ತಲೆ, ಎದೆ, ಸೊಂಟ ಒಂದೊಂದು; ತೋಳು, ಮುಂಗೈ, ಅಂಗೈ, ತೊಡೆ, ಮೊಣಕಾಲಿನ ಕೆಳಗಿನದು, ಪಾದ ಎರಡೆರಡು. ಒಟ್ಟು 15 ತುಂಡು. ಅಂಗೈಗೆ ನಾಲ್ಕು ಮುದ್ರೆ, ಕಣ್ಣಿಗೆ ಮೂರು, ಬಾಯಿಗೆ ಆರು ಬದಲಿ ತುಂಡು ಬೇರೆ.

ಕೀಲು ಬರುವ ಕಡೆ ಎರಡೂ ತುಂಡಿಗೆ ಒಂದು ಸೆಂಟಿಮೀಟರ್ ದುಂಡನೆಯ ಅಂಚು ಬಿಡಿ. ಇಲ್ಲದಿದ್ದರೆ ಮೊಣಕೈ ಮಡಚಿದಾಗ ನಡುವೆ ಸಂದು ಕಾಣುತ್ತದೆ. ಹಿತ್ತಾಳೆ ಪಿನ್ನಿನ ತಲೆ ಬೆಳಕಿಗೆ ಹೊಳೆಯುತ್ತದೆ, ಹಿಂದಿನಿಂದ ನೂಲು ಗಂಟು ಹಾಕಿ ಟೇಪು ಅಂಟಿಸುವುದು ಒಳ್ಳೆಯದು. ಕತ್ತರಿಸಿದ ಬಿಳಿ ಅಂಚಿಗೆ ಕಪ್ಪು ಪೆನ್ನು ಎಳೆಯಿರಿ. ಒಂದೇ ಬದಿಗೆ ಬಣ್ಣ ಹಚ್ಚಿದರೆ ಕಾಗದ ಸುರುಟುತ್ತದೆ, ಹಿಂಬದಿಗೂ ಅಷ್ಟೇ ಬಣ್ಣ ಹಚ್ಚಿ. ನಮ್ಮ ಹವೆಯಲ್ಲಿ ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಗೊಂಬೆ ಮೆತ್ತಗಾಗಿರುತ್ತದೆ. ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಕ್ಯಾಮೆರಾದ ಲೆನ್ಸನ್ನೂ ಹಾಗೇ. ಬೂಸಲು ಹಿಡಿದ ಲೆನ್ಸ್ ಸರಿಯಾಗುವುದು ಕಷ್ಟ.

ಗೊಂಬೆಯನ್ನು ಕನ್ನಡಿಯ ಹಾಗೆ ತಿರುಗಿಸಿ ಎಡ-ಬಲ ಮಾಡುವಾಗ ಬಿಲ್ಲು ಹಿಡಿದ ಕೈಯೂ ಬದಲಾಗುತ್ತದೆ ಎನ್ನುವುದನ್ನು ಮರೆಯಬೇಡಿ.

ಚಿತ್ರ ಮಿಣುಕುತ್ತದೆ, ಎಂತಕ್ಕೆ?

ಕ್ಯಾಮೆರಾದ ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಸ್ವಯಂಚಾಲಿತದಿಂದ ತೆಗೆದು ಖಾಯಂ ಮಾಡಿ. ಶಟರ್ 1/25 ಅಥವಾ 1/50. ಕಿಟಕಿ ಪೂರ್ತಿ ಮುಚ್ಚಿ. ವೋಲ್ಟೇಜ್ ಏರಿಳಿಯುವ ಊರಾದರೆ ಬ್ಯಾಟರಿಯ ಮೇಲೆ ನಡೆಯುವ ಎಲ್‌ಇಡಿ ದೀಪ ಬಳಸಿ. ಇಷ್ಟಾದ ಮೇಲೂ ಮಿಣುಕಿದರೆ ನಿಮ್ಮ ಬಿಳಿ ಅಂಗಿ ನೋಡಿಕೊಳ್ಳಿ: ಅದರ ಬೆಳಕು ಗೊಂಬೆ ಇಟ್ಟ ಗಾಜಿನ ಮೇಲೆ ಬೀಳುತ್ತಿರುತ್ತದೆ. ಕಪ್ಪು ಅಂಗಿ ತೊಟ್ಟು, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಗುಂಡಿ ಒತ್ತಿ.

ಹಿನ್ನೆಲೆಗೆ ನಮ್ಮ ಕಡೆಯದ್ದೇನಾದರೂ ಬಳಸಬಹುದಾ?

ಕಾವಿ ಕಲೆ ಹೇಳಿ ಮಾಡಿಸಿದಂತಿದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿ ತೋರಿಸುವ ಈ ಭಿತ್ತಿಚಿತ್ರ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲೂ ಇದೆ. ಹಿನ್ನೆಲೆ ಕೆಂಪು-ಬಿಳಿ ಎರಡೇ ಬಣ್ಣವಾದರೆ ಮುಂದಿನ ವೇಷದ ಹಸಿರು, ಹಳದಿ, ಕಪ್ಪು ಎದ್ದು ಕಾಣುತ್ತದೆ. ಕೆಂಪು ಬಟ್ಟೆ ಮಾತ್ರ ಹಿನ್ನೆಲೆಯಲ್ಲಿ ಕರಗಿ ಹೋಗುತ್ತದೆ, ಅಲ್ಲಿ ವೇಷದ ಸುತ್ತ ದಪ್ಪ ಬಿಳಿ ಗೆರೆ ಬಿಡಿ. ಕ್ಯಾಮೆರಾ ಸರಿಯುವ ಶಾಟಿಗೆ ಹಿನ್ನೆಲೆಯನ್ನು ಚೌಕಟ್ಟಿಗಿಂತ ಶೇಕಡಾ 20ರಷ್ಟು ದೊಡ್ಡದಾಗಿ ಬಿಡಿಸಿ.

ಒಂದು ಮಾತು. ಪಂಚವಟಿ ಇರುವುದು ಗೋದಾವರಿಯ ತೀರದಲ್ಲಿ. ಅಡಿಕೆ ತೋಟದ ನಡುವೆ ಪರ್ಣಕುಟಿ ಬೇಡ.

## ಕೈ ಪಳಗಿದವರಿಗೆ

ಮಾಯಾ ಶೂರ್ಪನಖಿ ಘೋರರೂಪಕ್ಕೆ ತಿರುಗುವುದನ್ನು ಹೇಗೆ ತೋರಿಸೋದು?

ಒಂದು ಮುಖ ಕರಗಿ ಇನ್ನೊಂದಾಗುವ ಕಂಪ್ಯೂಟರಿನ ತಂತ್ರ ಎಲ್ಲರೂ ಮಾಡುತ್ತಾರೆ, ಚೆನ್ನಾಗಿ ಕಾಣುವುದಿಲ್ಲ. ಆಟದಲ್ಲೇ ಇದಕ್ಕೆ ದಾರಿಯಿದೆ: ತೆರೆ. ಬಣ್ಣದ ವೇಷ (ರಾಕ್ಷಸ ಪಾತ್ರ) ತೆರೆಯ ಹಿಂದಿನಿಂದ ಬರುವ ಕ್ರಮವನ್ನು ಹಾಗೇ ಎತ್ತಿಕೊಳ್ಳಿ. ಸುಂದರಿಯ ಸೆರಗು ಗಾಳಿಗೆ ಹಾರಿ ಚೌಕಟ್ಟು ತುಂಬುತ್ತದೆ (16 ಫ್ರೇಮು), ಅದೇ ತೆರೆಯಾಗುತ್ತದೆ. ತೆರೆ ನಡುಗುತ್ತದೆ, ಮೇಲಂಚಿನಲ್ಲಿ ಹತ್ತು ಬೆರಳು, ಆಮೇಲೆ ತಲೆಗಟ್ಟಿನ ತುದಿ. ಚಂಡೆಯ ಬಿಡ್ತಿಗೆಯಷ್ಟು (ಹಾಡಿಲ್ಲದೆ ಬಾರಿಸುವಷ್ಟು) ಹೊತ್ತೂ ಬಿಡಿಸಬೇಕಾದದ್ದು ಬಟ್ಟೆ ಮಾತ್ರ, 4 ಚಿತ್ರವನ್ನು ಹಿಂದೆ ಮುಂದೆ ಮಾಡಿದರೆ ಸಾಕು. ತೆರೆ ಸರಿದಾಗ ದೊಂದಿಗೆ (ಪಂಜಿಗೆ) ರಾಳ ಎರಚಿದ ಬೆಂಕಿ: 2 ಫ್ರೇಮು ಬಿಳಿ, 4 ಹಳದಿ, 6 ಕೇಸರಿ, ನಂತರ ಮುಖ.

ಬೆಂಕಿಯ ಮಿಂಚು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬೇಡ, ಅಪಸ್ಮಾರ ಇರುವವರಿಗೆ ಅಪಾಯ. ಮುಖದ ಬಿಳಿ ಚಿಟ್ಟಿಗಳನ್ನು (ಉಬ್ಬಿದ ಚುಕ್ಕಿಗಳನ್ನು) ಬೇರೆ ಪದರದಲ್ಲಿ ಬಿಡಿಸಿ, ಹುಬ್ಬು ಕುಣಿದಾಗ ಅವೂ ಜೊತೆಗೆ ಕದಲಬೇಕು.

ಎಲ್ಲ ಸರಿಯಿತ್ತು, ಕೊನೆಗೆ ನೋಡಿದರೆ ಧ್ವನಿ ಎರಡು ಸೆಕೆಂಡು ಮುಂದೆ ಹೋಗಿದೆ.

ಮೊಬೈಲಿನ ವಿಡಿಯೋ ಎಲ್ಲಿಯಾದರೂ ಸೇರಿಸಿದ್ದೀರಿ. ಅದರ ಫ್ರೇಮು ವೇಗ ಸ್ಥಿರವಲ್ಲ. ಮೊದಲು ಅದನ್ನು 24ರ ಸ್ಥಿರ ವೇಗಕ್ಕೆ ಪರಿವರ್ತಿಸಿ. ಪ್ರಾಜೆಕ್ಟನ್ನು 25 ಅಥವಾ 30ರಲ್ಲಿ ತೆರೆದಿದ್ದರೂ ಹೀಗೇ ಆಗುತ್ತದೆ.

ಹೆಸರು ಹಾಕುವಾಗ ಒತ್ತಕ್ಷರ ಒಡೆದು ಬರ್ತದೆ.

ಕನ್ನಡದ ಒತ್ತು, ಕೊಂಬು ಜೋಡಿಸಲು ಬಾರದ ಸಾಫ್ಟ್‌ವೇರು ಅದು. ಹೆಸರುಗಳನ್ನು ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು ಸೇರಿಸಿ. ಭಾಗವತರ ಹೆಸರನ್ನು ಒಮ್ಮೆ ಅವರ ಮನೆಯವರಿಂದಲೇ ಓದಿಸಿ.

ಊರ ಸಭಾಭವನದಲ್ಲಿ ತೋರಿಸಲಿಕ್ಕೆ ಸೆನ್ಸಾರ್ ಬೇಕಾ? ಟಿಕೆಟ್ ಏನೂ ಇಲ್ಲ.

ಟಿಕೆಟ್ ಇಲ್ಲದಿದ್ದರೂ ಸಾರ್ವಜನಿಕ ಪ್ರದರ್ಶನ ಸಾರ್ವಜನಿಕವೇ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು, ಅನಿಮೇಶನ್ ಅಂತ ವಿನಾಯಿತಿ ಇಲ್ಲ. ಅರ್ಜಿ ಆನ್‌ಲೈನಿನಲ್ಲಿ, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿ. ಯೂಟ್ಯೂಬಿಗೆ ಹಾಕಲು ಇದು ಬೇಡ. 2024ರ ನಿಯಮದಿಂದ ಯುಎ ವರ್ಗ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡುವಂಥದ್ದು) 7, 13, 16 ವರ್ಷ ಎಂದು ಮೂರಾಗಿದೆ. ಮೂಗು-ಕಿವಿ ಕೊಯ್ಯುವ ದೃಶ್ಯವನ್ನು ರಕ್ತ ಸಹಿತ ಎದುರಿಗೇ ತೋರಿಸಿದರೆ ಸಣ್ಣ ಮಕ್ಕಳ ವರ್ಗ ಸಿಗುವುದು ಅನುಮಾನ. ಲಕ್ಷ್ಮಣನ ಕತ್ತಿ ಮೇಲೆದ್ದಾಗ ಪರದೆ ಪೂರ್ತಿ ಕೆಂಪಾಗಿ, ಚಂಡೆಯ ಒಂದೇ ಪೆಟ್ಟು, ಆಮೇಲೆ ಓಡುವ ಶೂರ್ಪನಖಿಯ ಬೆನ್ನು: ಇಷ್ಟರಲ್ಲಿ ಕೆಲಸ ಆಗುತ್ತದೆ, 30 ಚಿತ್ರವೂ ಉಳಿಯುತ್ತದೆ.